ಹನ್ನೊಂದನೇ ನಿಮಿಷ

ಓಸ್ಲಾಳ ಟಾರ್ಚಿನ ಬೆಳಕು ಮುಳುಗಿದ ದೋಣಿಯ ಕ್ಯಾಬಿನ್ ಬಾಗಿಲನ್ನು ಮುಟ್ಟುವಷ್ಟರಲ್ಲಿ ಲೌರಿ ಅವಳ ಮುಂದೆ ಈಜಿ ಬಂದು, ಮುಷ್ಟಿ ಕಟ್ಟಿ, ಹೆಬ್ಬೆರಳೆತ್ತಿದ. ಮೇಲಕ್ಕೆ. ಹದಿನಾಲ್ಕು ಮೀಟರ್ ಆಳ, ಏಳು ಡಿಗ್ರಿ ನೀರು, ಇಳಿದು ಹನ್ನೊಂದು ನಿಮಿಷ. ಇಬ್ಬರ ಸಿಲಿಂಡರಿನಲ್ಲೂ ಅರ್ಧಕ್ಕಿಂತ ಹೆಚ್ಚು ಗಾಳಿ ಇತ್ತು. ಅವಳು ಬಾಗಿಲ ಕಡೆ ಕೈ ತೋರಿಸಿದಳು. ಅವನು ಮತ್ತೆ ಹೆಬ್ಬೆರಳೆತ್ತಿದ.

ಜೊತೆಗಾರ ಹೆಬ್ಬೆರಳೆತ್ತಿದರೆ ಮುಗಿಯಿತು. ಇಬ್ಬರೂ ಆ ಕ್ಷಣವೇ ಮೇಲೇಳಬೇಕು. ಯಾಕೆ ಎಂದು ನೀರಿನೊಳಗೂ ಕೇಳುವಂತಿಲ್ಲ, ದೋಣಿಯ ಮೇಲೂ ಕೇಳುವಂತಿಲ್ಲ. ಕೇಳತೊಡಗಿದರೆ ಹೆದರಿದವನು ಮುಂದಿನ ಸಲ ಬೆರಳೆತ್ತಲು ನಾಚುತ್ತಾನೆ, ನಾಚಿದವನು ಸಾಯುತ್ತಾನೆ. ಲೆರ್ವಿಕ್ ಊರಿನ ಈಜುಕೊಳದಲ್ಲಿ ಪ್ರತಿ ಮಂಗಳವಾರ ಓಸ್ಲಾ ಹೊಸಬರಿಗೆ ಹೇಳಿಕೊಡುವ ಮೊದಲ ಪಾಠ ಇದು. ಅವಳಿಗೆ ಹೇಳಿಕೊಟ್ಟವನು ಲೌರಿ.

ಅವಳು ಒಪ್ಪಿದಳು. ಏಳುವ ಮೊದಲು ಅವನ ಭುಜದಾಚೆಗೆ ಟಾರ್ಚನ್ನು ಒಮ್ಮೆ ಹಾಯಿಸಿದಳು. ಬಾಗಿಲ ಮೇಲೆ ಹಸಿರುಗಟ್ಟಿದ ಹಿತ್ತಾಳೆಯ ಚಿಲಕ. ಹೊರಗಿನಿಂದ ಹಾಕಿತ್ತು.

ಮಾರ್ಥಾ ಜೇನ್ ಎಂಬ ಆ ಮೀನುದೋಣಿ ಮುಳುಗಿ ಹತ್ತೊಂಬತ್ತು ವರ್ಷ. ಅವತ್ತು ಅದರಲ್ಲಿ ಇದ್ದವರು ಇಬ್ಬರೇ: ಓಸ್ಲಾಳ ಅಪ್ಪ ಮ್ಯಾಗ್ನಿ ಮತ್ತು ಲೌರಿ. ದಡ ಸೇರಿದವನು ಲೌರಿ. ಮ್ಯಾಗ್ನಿ ಡೆಕ್ಕಿನ ಮೇಲಿದ್ದ, ಅಲೆ ಹೊತ್ತೊಯ್ದಿತು ಎಂದು ಅವನು ಹೇಳಿದ. ದೋಣಿ ಮರಳಿನಲ್ಲಿ ಹೂತುಹೋಯಿತು, ಯಾರೂ ಅದನ್ನು ಹುಡುಕಲಿಲ್ಲ. ಅಲೆ ಒಯ್ದವನನ್ನು ದೋಣಿಯಲ್ಲಿ ಯಾಕೆ ಹುಡುಕಬೇಕು? ಈ ಜನವರಿಯ ಬಿರುಗಾಳಿ ಆ ಮರಳನ್ನು ಸರಿಸಿತು. ಚರ್ಚಿನ ಅಂಗಳದಲ್ಲಿ ಅಪ್ಪನ ಸಮಾಧಿಗೆಂದು ಅಮ್ಮ ಹಿಡಿದಿಟ್ಟ ಆರಡಿ ಜಾಗ ಇನ್ನೂ ಖಾಲಿಯಿದೆ. ಅಪ್ಪ ಒಳಗಿದ್ದಾನೋ ಇಲ್ಲವೋ, ಅಷ್ಟು ತಿಳಿಯಲು ಓಸ್ಲಾ ಇಳಿದಿದ್ದಳು. ಜೊತೆಗೆ ತಾನೇ ಇಳಿಯುತ್ತೇನೆಂದು ಹಠ ಹಿಡಿದವನು ಲೌರಿ.

"ಹನ್ನೊಂದು ನಿಮಿಷ!" ಎಂದ ಇವರನ್ನು ಅಲ್ಲಿಗೆ ಕರೆತಂದ ದೋಣಿ ನಡೆಸುವ ಗಿಬ್ಬಿ, ಲೌರಿಯ ಕಂಕುಳಿಗೆ ಕೈ ಕೊಟ್ಟು ಮೇಲೆಳೆಯುತ್ತ. "ಪಾದ್ರಿ ಪ್ರಾರ್ಥನೆ ಶುರು ಮಾಡಿದ್ರೆ ನಮ್ಮಜ್ಜಿ ಇದಕ್ಕಿಂತ ಜಾಸ್ತಿ ಹೊತ್ತು ಉಸಿರು ಹಿಡ್ಕೋತಿದ್ಲು. ಟೀ ಈಗಿನ್ನೂ ಕುದೀತಿದೆ ಮಾರಾಯ."

ಯಾಕೆ ಎಂದು ಅವನೂ ಕೇಳಲಿಲ್ಲ.

"ಗ್ಲೌಸು ಹರೀತು," ಎಂದ ಲೌರಿ. "ಕೈ ಮರಗಟ್ಟಿ ಹೋಯ್ತು."

ಯಾರೂ ಕೇಳದಿದ್ದರೂ ಕಾರಣ ಹೇಳುವವರನ್ನು ಓಸ್ಲಾ ಈವರೆಗೆ ನೋಡಿರಲಿಲ್ಲ. ಗ್ಲೌಸು ಹರಿದಿರಲಿಲ್ಲ.

ಗಿಬ್ಬಿ ಇಬ್ಬರಿಗೂ ಟೀ ಬಗ್ಗಿಸಿಕೊಟ್ಟು ಲಂಗರು ಎಳೆಯಲು ಮುಂದಕ್ಕೆ ಹೋದ. ಲೌರಿ ಮಗ್ಗನ್ನು ಮುಟ್ಟಲಿಲ್ಲ.

"ನಿನ್ನ ಟಾರ್ಚು ಆ ಕಡೆ ಹೋಯ್ತಲ್ಲ?"

"ಹೋಯ್ತು."

"ಕಾಣಿಸ್ತಾ?"

"ಕಾಣಿಸ್ತು."

ಸಮುದ್ರ ಎದ್ದಾಗ ಡೆಕ್ಕಿನ ಮೇಲಿದ್ದವನು ಕ್ಯಾಬಿನ್ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕುವುದು ಈ ಕಡೆಯ ಸಣ್ಣ ದೋಣಿಗಳಲ್ಲಿ ವಾಡಿಕೆ. ಬಾಗಿಲು ಬಡಿದುಕೊಳ್ಳದಿರಲಿ, ಒಳಗೆ ನಿದ್ದೆ ಹೋದವನ ಹಾಸಿಗೆ ನೆನೆಯದಿರಲಿ ಎಂದು. ಯೋಚಿಸಿ ಮಾಡುವ ಕೆಲಸವಲ್ಲ, ಹೋಗುತ್ತ ಬರುತ್ತ ಕೈ ತಾನೇ ಮಾಡುತ್ತದೆ. ಓಸ್ಲಾಗೂ ಗೊತ್ತು. ಖಾಲಿ ಕ್ಯಾಬಿನ್ನಿಗೆ ಯಾರೂ ಚಿಲಕ ಹಾಕುವುದಿಲ್ಲ ಎಂಬುದೂ ಗೊತ್ತು.

"ಕೇಳು," ಎಂದ ಲೌರಿ. "ಬೈದಾದ್ರೂ ಕೇಳು. ನಿಮ್ಮಮ್ಮ ಅಂಗಡಿ ಹತ್ರ ಸಿಕ್ಕಾಗೆಲ್ಲ ಚೆನ್ನಾಗಿದೀಯಾ ಲೌರಿ ಅಂತಾಳೆ. ಹತ್ತೊಂಬತ್ತು ವರ್ಷದಿಂದ ಅದೊಂದೇ. ನೀನಾದ್ರೂ ಬೇರೆ ಏನಾದ್ರೂ ಕೇಳೇ."

"ಕೇಳೋ ಹಾಗಿಲ್ಲ, ಲೌರಿ. ನೀವೇ ಹೇಳ್ಕೊಟ್ಟಿದ್ದು."

"ಅದು ನೀರಿನ ಮಾತು ಹುಡುಗಿ."

"ದೋಣಿ ಮೇಲೂ ಅಷ್ಟೇ ಅಂದಿದ್ರಿ."

ಮುಂದೆ ಗಿಬ್ಬಿ ಹಗ್ಗಕ್ಕೆ ಬೈಯುತ್ತಿದ್ದ. ಲೌರಿಯ ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು.

"ನಾಳೆ ಪೊಲೀಸ್ ಡೈವರ್‌ಗಳು ಇಳೀತಾರೆ," ಎಂದಳು ಓಸ್ಲಾ. "ಅಪ್ಪನ್ನ ಮೇಲೆ ತರ್ತಾರೆ. ಅಮ್ಮಂಗೆ ನಾನೇ ಹೇಳ್ತೀನಿ."

ಅವನು ತಲೆಯಾಡಿಸಿದ. ಚಳಿಗೆ ನಡುಕ ಹತ್ತಿತ್ತು. ಸ್ವಲ್ಪ ಹೊತ್ತಿಗೆ ಎದ್ದು, ಎಂದಿನಂತೆ ಅವಳಿಗೆ ಬೆನ್ನು ಮಾಡಿ ನಿಂತ. ಡೈವಿಂಗ್ ಸೂಟಿನ ಜಿಪ್ಪು ಇರುವುದು ಬೆನ್ನ ಮೇಲೆ, ಈ ಭುಜದಿಂದ ಆ ಭುಜಕ್ಕೆ. ತೊಟ್ಟವನ ಕೈಗೆ ಅದು ಎಟುಕುವುದಿಲ್ಲ, ಹೊರಗಿದ್ದವರೇ ತೆಗೆಯಬೇಕು. ಲೌರಿ ತಲೆ ತಗ್ಗಿಸಿ ಕಾಯುತ್ತ ನಿಂತ. ಓಸ್ಲಾ ಮಗ್ಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಗುಟುಕು ಗುಟುಕಾಗಿ ಟೀ ಕುಡಿಯುತ್ತಿದ್ದಳು.