ನಡುವಿನ ಪ್ಲೈವುಡ್ಡು

ಸಾಬವ್ವ ಬೆನ್ನು ಕೊಟ್ಟು ಟ್ರಂಕನ್ನು ಒತ್ತಿದಳು. ತುರ್ಭೆ ಕೊಳೆಗೇರಿಯ ಆ ಒಂದೇ ಕೋಣೆಯ ಖೋಲಿಯನ್ನು ಎರಡು ಮನೆ ಮಾಡಿದ್ದ ಪ್ಲೈವುಡ್ ಗೋಡೆ ಕರಕರ ಎಂದಿತು. ಆ ಕಡೆಯಿಂದ ನೆರೆಮನೆಯ ಕಾಶಿಬಾಯಿ ತನ್ನ ಮಂಚವನ್ನು ಅಷ್ಟೇ ಜೋರಾಗಿ ಒತ್ತಿದಳು. ಪ್ರತಿ ದೀಪಾವಳಿಗೂ ಮನೆ ಸಾರಿಸುವ ನೆಪದಲ್ಲಿ ಇಬ್ಬರೂ ಬೆರಳಗಲ ಜಾಗಕ್ಕಾಗಿ ಹೀಗೇ ಗುದ್ದಾಡುತ್ತ ಬಂದಿದ್ದರು. ಗೋಡೆ ಪಾಪ, ಅತ್ತಲೂ ಹೋಗದೆ ಇತ್ತಲೂ ಬಾರದೆ ನಡುವೆ ಉಬ್ಬಿ ನಿಂತಿತ್ತು.

ಈ ಸಲ ಸಾಬವ್ವನದು ಬರಿಯ ಹಟವಲ್ಲ. ಚೊಚ್ಚಲ ಹೆರಿಗೆಗೆ ಬಂದಿದ್ದ ಮಗಳು ಕಾಂಚನಾಗೆ ಕಾಲು ಚಾಚಲು ಜಾಗವಿರಲಿಲ್ಲ. ಇಂದೋ ನಾಳೆಯೋ ಎನ್ನುವಂತಿದ್ದ ಹುಡುಗಿ ರಾತ್ರಿಯೆಲ್ಲ ಮುದುಡಿ ಮಲಗುತ್ತಿದ್ದಳು.

"ಒಂದು ಮೊಳ ಸರದ್ರ ನಿನ್ನ ಗಂಟೇನು ಹೋಗ್ತದ?" ಎಂದು ಸಾಬವ್ವ ಕೂಗಿದಳು.

"ನೀನಽ ಸರಿ! ನಿನ್ನ ಟ್ರಂಕಿನ್ಯಾಗ ಬಂಗಾರ ಐತೇನು?" ಎಂದು ಗೋಡೆಯಾಚೆಯಿಂದ ಕಾಶಿಬಾಯಿ.

ಕಾಂಚನಾಗೆ ನಗು ತಡೆಯಲಾಗಲಿಲ್ಲ. ಶಾಲೆಯ ಭೂಗೋಳ ನೆನಪಾಯಿತು. "ಅವ್ವಾ, ಭೂಮಿ ಫಲಕಗಳೂ ಹಿಂಗಽ ಡಿಕ್ಕಿ ಹೊಡೀತಾವ. ಎರಡೂ ಸರಿಸಮ ಇದ್ರ ಯಾವುದೂ ಬಗ್ಗಂಗಿಲ್ಲ, ನಡುವ ಗುಡ್ಡ ಏಳ್ತದ. ಹಿಮಾಲಯ ಎದ್ದದ್ದು ಹಂಗಽ. ಒಂದು ಭಾರ ಇತ್ತಂದ್ರ, ಅದು ಹಗೂರ ಇದ್ದದ್ದರ ಬುಡಕ ಸರೀತದ."

"ನಾ ಯಾಕ ಬುಡಕ ಸರೀಲಿ?" ಎಂದು ಎರಡೂ ಕಡೆಯಿಂದ ಒಟ್ಟಿಗೇ ಬಂತು.

"ನೀವಲ್ಲ. ಈಗ ಇಲ್ಲಿ ನನಗಿಂತ ಭಾರದಾಕಿ ಯಾರದಾರ?" ಕಾಂಚನಾ ಹೊಟ್ಟೆ ಸವರಿಕೊಂಡು ಕಾಶಿಬಾಯಿಯ ಕಡೆಗೆ ಕೂಗಿದಳು. "ಮೌಶಿ, ನಿಮ್ಮ ಮಂಚದ ಬುಡಕ ಏನದ?"

ಆಚೆ ಕಾಶಿಬಾಯಿ ಬಗ್ಗಿ ನೋಡಿದಳು. ಮಳೆನೀರು ನುಗ್ಗುತ್ತದೆಂದು ಕಾಶಿಬಾಯಿ ಮಂಚವನ್ನು ಇಟ್ಟಿಗೆಗಳ ಮೇಲೆ ಏರಿಸಿದ್ದಳು. ಅದರಡಿ ಖಾಲಿಯೇ ಇತ್ತು.

"ಗರಗಸ ಐತೇನು ನಿಮ್ಮಲ್ಲಿ?" ಎಂದು ಕೊನೆಗೆ ಅವಳೇ ಕೇಳಿದಳು.

ಅಂದೇ ಪ್ಲೈವುಡ್ಡಿನ ಬುಡದಲ್ಲಿ ಒಂದು ಕಿಂಡಿ ಕೊಯ್ದರು. ಕಾಂಚನಾ ಅದರೊಳಗಿಂದ ಆಚೆಯ ಮಂಚದಡಿಗೆ ಕಾಲು ತೂರಿಸಿ, ಎಷ್ಟೋ ದಿನಗಳ ಮೇಲೆ ನೆಟ್ಟಗೆ ಮಲಗಿದಳು. ಇಬ್ಬರು ಹೆಂಗಸರೂ ಮಾತ್ರ ಸೋತವರಂತೆ ಮುಖ ಊದಿಸಿಕೊಂಡೇ ಇದ್ದರು.

ವಾರದೊಳಗೆ ಹೆಣ್ಣು ಕೂಸಾಯಿತು. ಆಸ್ಪತ್ರೆಯಿಂದ ಬಂದ ಬಾಣಂತಿಯನ್ನು ಅದೇ ಜಾಗದಲ್ಲಿ ಮಲಗಿಸಿ, ಸಾಬವ್ವ ಎಣ್ಣೆ ಬೆಚ್ಚಗೆ ಮಾಡಿಕೊಂಡು ಬಂದಳು. ನೆತ್ತಿಗೆ ತಟ್ಟಿ, ಬೆನ್ನಿಗೆ ತಿಕ್ಕಿ, ಕಾಲಿಗೆಂದು ಕಿಂಡಿಯೊಳಗೆ ಕೈ ಹಾಕಿದಳು. ಆ ಕಡೆಯಿಂದ ಎಣ್ಣೆ ಮೆತ್ತಿದ ಕೈಯೊಂದು ಅವಳ ಕೈಗೆ ಪಟ್ಟನೆ ಹೊಡೆಯಿತು.

"ತಲಿ ತಿಕ್ಕು ನೀ. ಕಾಲು ನನ್ನ ಮನ್ಯಾಗ ಅದಾವ!"