ಸರಗಳ್ಳನಿಗೆ ಏಳು

ಪರೀಕ್ಷೆಯಲ್ಲಿ ಬರೆದ ಶಿಕ್ಷೆಯನ್ನು ವರ್ಷಕ್ಕೊಂದು ದಿನದಂತೆ ವಿದ್ಯಾರ್ಥಿ ತಾನೇ ಅನುಭವಿಸಿದ ಮೇಲೆಯೇ ಉತ್ತರಪತ್ರಿಕೆಗೆ ಅಂಕ ಬೀಳುವುದು. ಅಪರಾಧ ನ್ಯಾಯ ಕಲಿಸುವ ಕಾಲೇಜುಗಳಲ್ಲೆಲ್ಲ ಅದೇ ಪದ್ಧತಿ. ನ್ಯಾಯಾಧೀಶೆಯಾಗಿಯೇ ತೀರುತ್ತೇನೆಂದು ಹಟ ಹಿಡಿದಿದ್ದ ನೀಲಾಂಬಿಕಾ ಮೊದಲ ಪರೀಕ್ಷೆಯಲ್ಲಿ ಸರಗಳ್ಳನೊಬ್ಬನಿಗೆ ಏಳು ವರ್ಷ ಜಡಿದಿದ್ದಳು. ಕಾಲೇಜಿನ ಸೆರೆಕೋಣೆಯಲ್ಲಿ ಅವಳಿಗಿಂದು ಏಳನೇ ದಿನ. ಕಂಬಳಿ ಮಡಚಿಟ್ಟು, ಚೀಲ ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದಳು.

ಜವಾನ ಮಾಬೂಸಾಬ ಬಂದವನು ಬೀಗ ತೆಗೆಯಲಿಲ್ಲ. ಸರಳುಗಳ ಸಂದಿಯಿಂದ ಎರಡನೇ ಪರೀಕ್ಷೆಯ ಪ್ರಶ್ನೆಪತ್ರಿಕೆ ತೂರಿಸಿದ.

ಮತ್ತೊಬ್ಬ ಸರಗಳ್ಳ. ಹತ್ತೊಂಬತ್ತರ ಹುಡುಗ, ಮೊದಲ ತಪ್ಪು.

"ಕಾಕಾ, ಇವಂಗ ಒಂದ ವರ್ಷ ಸಾಕಾಗೂದಿಲ್ಲೇನ್ರೀ?"

"ಮೊದಲಿನಂವಂಗ ಏಳು, ಇವಂಗ ಒಂದು ಯಾಕ ಅಂತ ಕೇಳ್ತಾರ ಯವ್ವಾ. ಅಂವಂದೂ ಹತ್ತೊಂಬತ್ತ ವಯಸ್ಸಿತ್ತು, ಅಂವಂದೂ ಮೊದಲನೇ ತಪ್ಪು. ಒಂದ ತಪ್ಪಿಗೆ ಎರಡು ಶಿಕ್ಷಾ ಬರದ್ರ ಫೇಲ್."

ಆವತ್ತು ನೀಲಾಂಬಿಕಾ ವಯಸ್ಸಿನ ಸಾಲಿನವರೆಗೆ ಓದಿಯೇ ಇರಲಿಲ್ಲ.

"ಪಕ್ಕದ ಕೋಣ್ಯಾಗ ನನ್ನಂಗ ಪರೀಕ್ಷಾ ಬರ್ಯಾಕತ್ತಿದ್ದ ಅಕ್ಕ ಹೆಂಗ ಪಾರಾದಳ್ರೀ?"

"ಎಲ್ಲಿ ಪಾರಾದಳು? ಇನ್ನೂ ಒಳಗನ ಅದಾಳ, ಮೂರು ವರ್ಷ ಆತು. ಎಲ್ಲಾದ್ರಾಗೂ ಫಸ್ಟ್ ಕ್ಲಾಸ್."

ನೀಲಾಂಬಿಕಾ ಏಳು ಎಂದು ಬರೆದು, ಮಡಚಿಟ್ಟ ಕಂಬಳಿಯನ್ನು ಮತ್ತೆ ಹಾಸಿದಳು.