ಹೆಸರು ನೋಡಿ ಬರೆಯಬಾರದು

ಗ್ರಂಥಾಲಯಕ್ಕೆ ಬಂದ ಹೊಸ ಪುಸ್ತಕವನ್ನು ಓದಿ, ಅದರ ವಿಷಯ ಏನೆಂದು ಒಂದೇ ಪದದಲ್ಲಿ ಗುರುತಿಸುವುದು ಮಂದಾಕಿನಿಯ ಕೆಲಸ. ಆ ಕೆಲಸವನ್ನು ತೇಜಾವತಿಗೆ ಕಲಿಸಿದವಳೂ ಅವಳೇ. ಈಗ ಓದುಗರೆಲ್ಲ ತೇಜಾವತಿಯ ಮೇಜಿಗೇ ಮುತ್ತುತ್ತಾರೆ. "ನೀವು ಕೊಟ್ಟ ಪದ ಹಾಕಿ ಹುಡುಕಿದ್ರೆ ಬೇಕಾದ ಪುಸ್ತಕ ಸಿಕ್ಕೇ ಸಿಗುತ್ತೆ" ಎಂದು ಅವರು ಹೊಗಳುವಾಗಲೆಲ್ಲ ಮಂದಾಕಿನಿಗೆ ಮೈಯೆಲ್ಲ ಉರಿಯುತ್ತಿತ್ತು.

ಕಂಡವರ ಪುಸ್ತಕಕ್ಕೆ ಚೀಟಿ ಅಂಟಿಸುವುದೇನು ಮಹಾ, ಒಂದು ಪುಸ್ತಕ ಬರೆದು ತೋರಿಸಲಿ ನೋಡೋಣ! ಆ ಛಲದಲ್ಲೇ ಮಂದಾಕಿನಿ ಗುಟ್ಟಾಗಿ, ಬೇರೆ ಹೆಸರಿನಲ್ಲಿ, ‘ಗೆಳತಿ’ ಎಂಬ ಕಾದಂಬರಿ ಬರೆದು ಅಚ್ಚು ಹಾಕಿಸಿದಳು. ಒಂದೇ ಕಚೇರಿಯ ಇಬ್ಬರು ಹೆಂಗಸರ ಕತೆ.

ಇವತ್ತು ಆ ಕಾದಂಬರಿ ತೇಜಾವತಿಯ ಕೈಗೆ ಬಂದಿತ್ತು. ಬೆಳಗ್ಗೆಯಿಂದ ತಲೆಯೆತ್ತದೆ ಓದುತ್ತಿದ್ದವಳು ಊಟದ ಡಬ್ಬಿಯನ್ನೂ ತೆರೆದಿರಲಿಲ್ಲ. ಮಂದಾಕಿನಿಗೆ ಒಳಗೊಳಗೇ ಹಿಗ್ಗು.

"ಅಷ್ಟು ಚೆನ್ನಾಗಿದೆಯೇನೇ?"

"ಕೆಳಗಿಡೋಕೇ ಮನಸ್ಸಾಗ್ತಿಲ್ಲ ಮೇಡಂ."

"ಹೆಸರೇ ‘ಗೆಳತಿ’. ‘ಸ್ನೇಹ’ ಅಂತ ಹಾಕಿ ಮುಗಿಸು, ಊಟ ಮಾಡೋಣ."

"ನೀವೇ ಹೇಳ್ಕೊಟ್ಟಿದ್ದಲ್ವಾ ಮೇಡಂ, ಹೆಸರು ನೋಡಿ ವಿಷಯ ಬರೀಬಾರ್ದು, ಒಳಗೇನಿದೆ ನೋಡ್ಬೇಕು ಅಂತ."

ಕೊನೆಯ ಪುಟ ಮುಗಿಸಿ ತೇಜಾವತಿ ಕಂಪ್ಯೂಟರಿನತ್ತ ತಿರುಗಿದಳು. ಮಂದಾಕಿನಿ ಅವಳ ಬೆನ್ನ ಹಿಂದೆ ಬಂದು ನಿಂತಳು. ವಿಷಯದ ಜಾಗದಲ್ಲಿ ಒಂದು ಪದ ಮೂಡಿತು: ಹೊಟ್ಟೆಕಿಚ್ಚು.

ಲೇಖಕಿಯ ಹೆಸರಿನ ಜಾಗಕ್ಕೆ ಬಂದಾಗ ತೇಜಾವತಿಯ ಬೆರಳುಗಳು ನಿಂತವು.

"ಗೊತ್ತಿದ್ರೆ ಕಾವ್ಯನಾಮದ ಪಕ್ಕ ನಿಜವಾದ ಹೆಸರೂ ಹಾಕ್ಬೇಕಲ್ವಾ ಮೇಡಂ? ನಿಮ್ಮ ಇನಿಷಿಯಲ್ ಮುಂದೆ ಹಾಕ್ಲಾ, ಹಿಂದೆ ಹಾಕ್ಲಾ?"